ನೀರಿನ ಗುರುಮಲ್ಲಪ್ಪ

ಸಂತೆಮರಹಳ್ಳಿ ಕಡೆಯ ಊರೊಂದರಲ್ಲಿ ಶುದ್ಧ ನೀರಿನ ಘಟಕ ನೋಡಿಕೊಳ್ಳುವ ಗುರುಮಲ್ಲಪ್ಪನಿಗೆ ನೀರು ಎಷ್ಟೇ ತಿಳಿಯಾಗಿದ್ದರೂ ನಂಬಿಕೆಯಿಲ್ಲ. ಮದುವೆ ಊಟದಲ್ಲೂ ಲೋಟವನ್ನು ಬೆಳಕಿಗೆ ಹಿಡಿಯುತ್ತಾನೆ. ಮುಚ್ಚಿದ ಕಾರ್ಖಾನೆಯಿಂದ ಊರಿನ ಬೋರಿಗಿಳಿದ ಫ್ಲೋರಿನ್ ರಾಸಾಯನಿಕ ಹಾಗೆ ಹಿಡಿದರೂ ಕಣ್ಣಿಗೆ ಕಾಣುವುದಿಲ್ಲ, ತಾನಾಗಿ ಅಳಿಯುವುದೂ ಇಲ್ಲ. ‘ಕಾಯ್ಸಿ ಕುಡುದ್ರೆ ಸಾಲ್ದಾ?’ ಎಂದು ಯಾರಾದರೂ ಕೇಳಿದರೆ, ‘ಕಾಯ್ಸುದ್ರೆ ನೀರು ಆವಿಯಾಗ್ ಓಯ್ತದೆ, ಇಸ ಪಾತ್ರೇಲೇ ಉಳೀತದೆ ಕಣವ್ವ’ ಎಂಬ ಅವನ ಪಾಠ ತಪ್ಪಿದ್ದಲ್ಲ. ಆ ವಿಷವನ್ನು ಹೀರಿಕೊಳ್ಳುವುದು ಘಟಕದೊಳಗಿನ ಇದ್ದಿಲು. ಈ ಸಲ ಇದ್ದಿಲು ಬದಲಿಸಿದಾಗ, ವಿಷ ಹೀರಿದ ಹಳೆಯದನ್ನು ದೂರದ ಭಾರಿ ಕುಲುಮೆಯಲ್ಲಿ ಸುಡಲು ಒಯ್ಯಬೇಕಿದ್ದ ಲಾರಿ ಬರಲೇ ಇಲ್ಲ. ‘ಕೆರೆ ಪಕ್ಕ ಸುರ್ದ್‌ಬುಡ್ಲಾ’ ಎಂದರು ಊರವರು. ‘ಅಲ್ ಸುರುದ್ರೆ ತಿರ್ಗಾ ಬೋರಿಗೇ ಬತ್ತದೆ’ ಎಂದವನೇ ಇದ್ದಿಲಿನ ಡ್ರಮ್ಮುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ತನ್ನ ಕೊಟ್ಟಿಗೆಗೇ ತಂದಿಟ್ಟ. ಹೆಂಡತಿ ಸೋಮಮ್ಮ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಹಸುವಿನ ಹಗ್ಗ ಬಿಚ್ಚಿ, ಹೊರಗಿನ ಹೊಂಗೆಮರಕ್ಕೆ ಕಟ್ಟಿದಳು.