ಪಾಸಿನಲ್ಲಿದ್ದ ಬೆಳ್ಳನೆಯ ಹುಡುಗಿ

ಬೆಳಗ್ಗೆ ಕೆಲಸಕ್ಕೆ ಹೊರಡುವ ಹೆಂಗಸಿಗೆ ಕನ್ನಡಿಯ ಮುಂದೆ ಸಿಗುವ ಹೊತ್ತೆಷ್ಟು, ನೀವೇ ಹೇಳಿ. ಒಲೆಯ ಮೇಲಿನ ಉಪ್ಪಿಟ್ಟು ತಳ ಹಿಡಿಯುವ ಮೊದಲು ಬೈತಲೆ ತೆಗೆದು, ಕುಂಕುಮವಿಟ್ಟು, ಒದ್ದೆ ಕೈಯಿಂದ ಮುಖವನ್ನೊಮ್ಮೆ ಸವರಿಕೊಂಡು ಬಸ್ಸಿಗೆ ಓಡುವುದೇ ನಮ್ಮ ಪ್ರಸಾಧನ ಕಲೆಯ ಆದಿ ಮತ್ತು ಅಂತ್ಯ. ಇದು ಸಾಲದೆಂದು, ಎಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಮೀಟರ್ ಕಾರ್ಖಾನೆಗೆ ಒಬ್ಬ ಮೇಕಪ್ ಕಲಾವಿದೆ ದಯಮಾಡಿಸಿದ್ದರು. ಸಿನಿಮಾ ನಟಿಯರ ಮುಖಕ್ಕೆ ಬಣ್ಣ ಬಳಿದು ಪಳಗಿದ ಕೈಯಂತೆ! ಅಧಿಕಾರಿಗಳ ಹೆಂಡತಿಯರ ಸಂಘಕ್ಕೆ ನಮ್ಮಂಥ ಕಾರ್ಮಿಕ ಹೆಂಗಸರ ಚರ್ಮೋದ್ಧಾರದ ಹುಕಿ ಬಂದಿತ್ತು.

ಕ್ಯಾಂಟೀನಿನಲ್ಲಿ ನಮ್ಮನ್ನು ಸಾಲಾಗಿ ಕೂರಿಸಿ ಆಯಮ್ಮ ದಿನನಿತ್ಯದ ಸಲಹೆಗಳನ್ನು ಕರುಣಿಸಿದರು. ಎಂಟು ಗಂಟೆ ನಿದ್ದೆ ಮಾಡಬೇಕಂತೆ, ಎದ್ದೊಡನೆ ಮುಖಕ್ಕೆ ಐಸ್ ಉಜ್ಜಬೇಕಂತೆ. ನಸುಕಿಗೇ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಕಿತ್ತಾಡುವ ನಾವು ಐಸನ್ನು ಕಂಡದ್ದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ. ಆಮೇಲೆ ಮಾದರಿಗೆಂದು ನನ್ನ ಗೆಳತಿ ಗಿರಿಜೆಯನ್ನು ಕುರ್ಚಿಗೆ ಕರೆದರು. ಎಣ್ಣೆಗಪ್ಪಿನ ಲಕ್ಷಣವಾದ ಹುಡುಗಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಕಲರ್ ಸ್ವಲ್ಪ ಡಲ್ ಅಲ್ವಾ? ಬೆಳ್ಳಗೆ ಮಾಡ್ಬಿಡೋಣ," ಎಂದವರೇ ಗೋಡೆಗೆ ಸುಣ್ಣ ಹೊಡೆದಂತೆ ಬಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ಗೇಟ್ ಪಾಸಿಗೆ ಫೋಟೋ ತೆಗೆಯುವವನೂ ಅದೇ ದಿನ ಬಂದಿದ್ದ; ಬಳಿದ ಮುಖದಲ್ಲೇ ಅವಳ ಫೋಟೋ ಆಯಿತು. ಗಿರಿಜೆಯ ತಾಯಿ ಮೊದಲೇ ಹೇಳಿ ಕಳಿಸಿದ್ದರು: ಇನ್ನೊಂದು ಪ್ರತಿ ತೆಗೆಸು, ಗಂಡಿನ ಕಡೆಯವರಿಗೂ ಆಯಿತು. ಪಾಸಿಗೂ ಮದುವೆಗೂ ಒಂದೇ ಫೋಟೋ ಎಂಬುದು ನಮ್ಮ ಮನೆಗಳ ಜಾಣತನ.

ಹೊಸ ಪಾಸು ಬಂದ ದಿನವೇ ಗೇಟಿನ ಕಾವಲುಗಾರ ರಂಗಣ್ಣ ಅವಳನ್ನು ತಡೆದ. "ಇದ್ರಾಗಿರೋರು ಯಾರೋ ಬೆಳ್ಳಗವ್ರೆ ಕಣಮ್ಮ."

"ರಂಗಣ್ಣ, ದಿನಾ ನೋಡ್ತೀಯಲ್ಲ ನನ್ನ!"

"ನೀವು ಗಿರಿಜಮ್ಮ ಅಂತ ನಂಗೊತ್ತು. ಪಾಸ್‌ಗೆ ಗೊತ್ತಾಗ್ಬೇಕಲ್ಲ? ಸಾಹೇಬ್ರು ನನ್ ಕೆಲ್ಸ ಕಿತ್ಕಂತಾರೆ."

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಗೇಟು ದಾಟಲು ಗಿರಿಜೆ ದಿನಾ ಬಸ್ ಸ್ಟಾಪಿನಲ್ಲಿ ನಿಂತು ಫೋಟೋದ ಹಾಗೆ ಬೆಳ್ಳಗಾಗಬೇಕು. ಒಳಗೆ ನಮ್ಮದು ಕೂದಲೆಳೆಯಂಥ ತಂತಿ ಜೋಡಿಸುವ ಕೆಲಸ; ಧೂಳಿನ ಕಣ ಬಿದ್ದರೂ ಮೀಟರು ಹಾಳು. ಆ ಕೋಣೆಗೆ ಪೌಡರು ನಿಷಿದ್ಧ. ಹೀಗಾಗಿ ಬಳಿದದ್ದನ್ನೆಲ್ಲ ನಲ್ಲಿಯಡಿ ತಿಕ್ಕಿ ತೊಳೆದು ಒಳಗೆ ಬರುವಷ್ಟರಲ್ಲಿ ಅವಳಿಗೆ ತಡವಾಗುತ್ತಿತ್ತು. "ಹಿಂಗೇ ಲೇಟಾದ್ರೆ ಕನ್ಫರ್ಮ್ ಮಾಡಲ್ಲ ಕಣ್ರೀ," ಎಂದು ಸೂಪರ್‌ವೈಸರ್ ಎಚ್ಚರಿಸಿದರು. ಪಾಸಿನ ಅಧಿಕಾರಿಯನ್ನು ಕೇಳಿದರೆ, ಕಾಯಂ ಆಗದವರಿಗೆ ಎರಡನೇ ಫೋಟೋ ಇಲ್ಲ ಅಂದುಬಿಟ್ಟ. ಎಂಥ ಬುದ್ಧಿವಂತರ ರಾಜ್ಯ!

ಇತ್ತ ಚಿಕ್ಕಬಾಣಾವರದ ಗಂಡಿನ ಮನೆಗೆ ಫೋಟೋ ಬಹಳ ಹಿಡಿಸಿತಂತೆ. ಇಷ್ಟು ಬೆಳ್ಳಗಿರುವ ಹುಡುಗಿಗೆ ಫ್ಯಾಕ್ಟರಿ ಕೆಲಸ ಯಾತಕ್ಕೆ, ಬಿಡಿಸಿಬಿಡಿ ಎಂದು ಹೇಳಿ ಕಳಿಸಿದರು. ಬಿಳುಪಿಗೂ ದುಡಿಮೆಗೂ ಅದೇನು ವೈರವೋ, ಆ ಮಹಾನುಭಾವರನ್ನೇ ಕೇಳಬೇಕು. ತಾಯಿ ಒಪ್ಪಿಬಿಟ್ಟಿದ್ದರು. ಗಿರಿಜೆಗೆ ಮಾತ್ರ ಆ ಕೆಲಸವೆಂದರೆ ಪ್ರಾಣ. "ಬಿಡಲ್ಲ ಕಣೇ, ಏನಾದ್ರೂ ಆಗ್ಲಿ," ಎನ್ನುತ್ತಿದ್ದಳು.

ಒಂದು ಸಂಜೆ ಶಿಫ್ಟ್ ಬಿಟ್ಟು ನಾವಿಬ್ಬರೂ ಹೊರಬಂದಾಗ ಗೇಟಿನ ಬಳಿ ಇಸ್ತ್ರಿ ಅಂಗಿಯ ಒಬ್ಬ ತರುಣ ನಿಂತಿದ್ದ. ಕೈಯಲ್ಲಿ ಅದೇ ಫೋಟೋ. ಕದ್ದು ಹೆಣ್ಣು ನೋಡಲು ಬಂದ ವರಮಹಾಶಯ! ನೇರವಾಗಿ ಗಿರಿಜೆಯ ಮುಂದೆಯೇ ಅದನ್ನು ಹಿಡಿದು ಕೇಳಿದ:

"ಅಕ್ಕಾ, ಈ ಹುಡುಗಿ ಇಲ್ಲೇ ಕೆಲಸ ಮಾಡೋದಂತೆ. ಗೊತ್ತಾ ನಿಮಗೆ?"

ಗಿರಿಜೆ ಫೋಟೋ ಇಸಿದುಕೊಂಡು ನಿಧಾನವಾಗಿ ನೋಡಿದಳು.

"ಗೊತ್ತು. ಅವಳು ಇಲ್ಲಿಂದ ಹೊರಟುಹೋದ್ಲು. ಇನ್ನು ಬರಲ್ಲ."

"ಹೌದಾ? ಥ್ಯಾಂಕ್ಸ್ ಅಕ್ಕ," ಎಂದು ಅವನು ರಸ್ತೆ ದಾಟಿದ.

ಗಿರಿಜೆ ಅಲ್ಲಿಂದಲೇ ಹಿಂದಿರುಗಿ ಪಾಸಿನ ಅಧಿಕಾರಿಯ ಮೇಜಿನ ಮುಂದೆ ನಿಂತಳು. "ಈ ಮುಖದ ಫೋಟೋ ತೆಗೆಸಿ ಸಾರ್. ಇಲ್ಲಾಂದ್ರೆ ನಾಳೆಯಿಂದ ಗೇಟಲ್ಲೇ ಕೂರ್ತೀನಿ." ಆ ದನಿಗೆ ಅವನು ಬೆಚ್ಚಿ ಹೊಸ ಫೋಟೋಗೆ ಚೀಟಿ ಬರೆದುಕೊಟ್ಟ. ಹೊಸ ಪಾಸು ಬಂತು, ತಡವಾಗುವುದು ನಿಂತಿತು, ಮುಂದೆ ಕೆಲಸವೂ ಕಾಯಂ ಆಯಿತು. ಆ ಕಲಾವಿದೆಯ ಬಣ್ಣದಿಂದ ಅವಳಿಗಾದ ಉಪಕಾರ ಒಂದೇ, ಅಂಥ ಗಂಡು ತಪ್ಪಿತು ಎಂದು ನಾನು ಇವತ್ತಿಗೂ ಆಡಿಕೊಂಡು ನಗುತ್ತೇನೆ.

ಆವತ್ತೂ ನಗಿಸಲು ನೋಡಿದ್ದೆ. ದಾಸರಹಳ್ಳಿಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಗಿರಿಜೆ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

"ನನ್ನ ಮುಖ ನೋಡ್ಕೊಂಡೇ ನನ್ನನ್ನ ಎಲ್ಲಿ ಅಂತ ಕೇಳಿದ ಕಣೇ," ಎಂದಳು.