ಕೂಸು ಬ್ಯಾಡಗಿಯಲ್ಲಿ, ಮೆಸೇಜು ಹಲಗೇರಿಯಲ್ಲಿ

ಕೂಸು ತೀರಿಕೊಂಡ ದಿನ ಹಲಗೇರಿಯಿಂದ ಬಂದ ಅತ್ತೆ ಹೊಳಿಯವ್ವ ಅಳಲಿಲ್ಲ. ಬ್ಯಾಡಗಿಯ ಬೀಗರ ಮನೆಯ ಹೊಸ್ತಿಲಲ್ಲೇ ನಿಂತು, ನೆರೆದವರೆಲ್ಲ ಕೇಳುವಂತೆ ಸೊಸೆಯನ್ನು ಕೇಳಿದಳು:

"ನಿದ್ದಿಗಣ್ಣಾಗ ಕೂಸಿನ ಮ್ಯಾಲ ಹೊಳ್ಳಿದೇನ?"

ದ್ರಾಕ್ಷಾಯಿಣಿ ಹೊರಳಿರಲಿಲ್ಲ. ಅವಳು ಆಗ ಮಲಗಿಯೇ ಇರಲಿಲ್ಲ, ಅಡಿಗೆಮನೆಯಲ್ಲಿ ಊಟಕ್ಕೆ ಕೂತಿದ್ದಳು. ರಾಣೆಬೆನ್ನೂರಿನಲ್ಲಿ ಹೆತ್ತು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು. ಅವತ್ತು ಬೆಳಿಗ್ಗೆ ತಾಯಿ ಸಿದ್ದವ್ವ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿ, ಮಡಚಿದ ಕೌದಿಯ ಮೇಲೆ ಬೋರಲು ಮಲಗಿಸಿದ್ದಳು. ಚಳಿಗಾಲವೆಂದು ಮೇಲೆ ಇನ್ನೊಂದು ಕೌದಿ. ತಲೆ ದುಂಡಗಾಗಲೆಂದು ಸಾಸಿವೆ ದಿಂಬು.

"ಡಬ್ಬ ಹಾಕಿದ್ರ ಬೆಚ್ಚಿ ಏಳಂಗಿಲ್ಲ, ನಿದ್ದಿ ಛಲೋ ಹತ್ತತೈತಿ" ಅಂದಿದ್ದಳು ಸಿದ್ದವ್ವ. ಹೆತ್ತ ಮಕ್ಕಳನ್ನೆಲ್ಲ ಹಾಗೇ ಮಲಗಿಸಿ ಬೆಳೆಸಿದವಳು. ದ್ರಾಕ್ಷಾಯಿಣಿ ಊಟ ಮುಗಿಸಿ ಹಾಲು ಕೊಡಲು ಎತ್ತಿಕೊಂಡರೆ, ಕೂಸು ಕೈಯಲ್ಲಿ ಜೋತುಬಿತ್ತು.

ಇದು 2008ರ ಮಾತು. ಗಂಡುಕೂಸು, ಇನ್ನೂ ಹೆಸರಿಟ್ಟಿರಲಿಲ್ಲ.

ದ್ರಾಕ್ಷಾಯಿಣಿ ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಹೊಳಿಯವ್ವ ನಂಬಲಿಲ್ಲ. ಮಗಳು ತನ್ನ ತಪ್ಪು ಮುಚ್ಚಿಕೊಳ್ಳಲು ತಾಯಿಯ ಹೆಸರು ಹೇಳುತ್ತಾಳೆ, ತಾಯಿ ಮಗಳನ್ನು ಉಳಿಸಲು ಹೂಂ ಅನ್ನುತ್ತಾಳೆ ಅಂದಳು. ಸೊಸೆ ಹಲಗೇರಿಗೆ ಮರಳುವ ಹೊತ್ತಿಗೆ ಊರೆಲ್ಲ ಅದೇ ಮಾತು. ನಳದ ಹತ್ತಿರ ಕೊಡ ಇಟ್ಟರೆ ಹೆಂಗಸರು ಸುಮ್ಮನಾಗುತ್ತಿದ್ದರು. ಬಸುರಿಯರು ಅವಳನ್ನು ಕಂಡು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಅಳು ಬತ್ತಿದ ಮೇಲೆ ದ್ರಾಕ್ಷಾಯಿಣಿಯಲ್ಲಿ ಉಳಿದದ್ದು ಸಿಟ್ಟು ಮಾತ್ರ. ಪಾತ್ರೆ ತಿಕ್ಕಿದರೆ ಓಣಿಯ ಆ ತುದಿಗೆ ಸಪ್ಪಳ ಕೇಳುತ್ತಿತ್ತು.

ಗಂಡ ಯಲ್ಲೇಶ ಕುಮಾರಪಟ್ಟಣದ ಕಡೆ ಕಟ್ಟಿಗೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ಊಟ ಮಾಡುತ್ತಿದ್ದಾಗ ಮೊಬೈಲು ಕಿಣಿಕಿಣಿ ಅಂದಿತು. ಅವನು ನೋಡಿ, ಪಕ್ಕಕ್ಕೆ ಎಸೆದ. ದ್ರಾಕ್ಷಾಯಿಣಿ ಎತ್ತಿಕೊಂಡಳು. ಎಲ್ಲ ಇಂಗ್ಲಿಷು. ಅವಳದು ಏಳನೆಯ ತರಗತಿಗೆ ನಿಂತ ಓದು. ಆದರೆ ಒಂದು ಶಬ್ದ ಗುರುತಾಯಿತು. ಕೂಸಿನ ಪೌಡರ್ ಡಬ್ಬಿಯ ಮೇಲೆ ದಿನಾ ನೋಡಿದ್ದ ಶಬ್ದ: ಬೇಬಿ.

"ಇದೇನ್ರಿ?"

"ಕಂಪನಿಯವ್ರು ಕಳಸ್ತಾರ. ಸುಮ್ನ ಬರ್ತಾವು, ಅಳಸೂದು."

"ಯಾವಾಗಿಂದ ಬರಾಕತ್ತಾವು?"

ಯಲ್ಲೇಶ ರೊಟ್ಟಿ ಮುರಿಯುತ್ತ ಯೋಚಿಸಿದ. "ಕೂಸು ಹುಟ್ಟಿದಾಗಿಂದ."

ಮರುದಿನ ಅವಳು ಆ ಮೊಬೈಲು ಹಿಡಿದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಹೆರಿಗೆಯಾದ ಆಸ್ಪತ್ರೆಯಲ್ಲಿ ಕೌಂಟರಿನವರು ಹಿಂದಿನ ಕೋಣೆ ತೋರಿಸಿದರು. ಅಲ್ಲಿ ಒಂದು ಸಂಸ್ಥೆಯ ಹುಡುಗಿ ಮೇಘಾ ಕಂಪ್ಯೂಟರ್ ಮುಂದೆ ಕೂತಿದ್ದಳು. ಮೊಬೈಲು ನೋಡಿ ಅವಳ ಮುಖ ಅರಳಿತು.

"ಹೌದ್ರಿ, ಇವು ನಾವ ಕಳಿಸಿದ್ದು. ಹೊಸ ತಾಯಂದಿರಿಗೆ ಅಂತ." ಅಳಿಸದೆ ಉಳಿದಿದ್ದ ಹಳೆಯ ಮೆಸೇಜೊಂದನ್ನು ತೆಗೆದು ಕನ್ನಡದಲ್ಲಿ ಓದಿ ಹೇಳಿದಳು: "ಕೂಸನ್ನ ಯಾವಾಗಲೂ ಬೆನ್ನ ಮ್ಯಾಲ ಮಲಗಸ್ರಿ. ಬೋರಲ ಹಾಕಬ್ಯಾಡ್ರಿ. ಮೆತ್ತನ್ನ ಹಾಸಿಗಿ, ದಿಂಬು, ದಪ್ಪ ಹೊದಿಕಿ ಬ್ಯಾಡ. ಮಾರಿ ಮುಚ್ಚಬ್ಯಾಡ್ರಿ." ಆಮೇಲೆ ತಲೆಯೆತ್ತಿ ಕೇಳಿದಳು, "ಕೂಸು ಈಗ ಎಷ್ಟು ದೊಡ್ಡದಾಗೇತ್ರಿ?"

ದ್ರಾಕ್ಷಾಯಿಣಿಯ ದನಿ ಹೊರಗಿನ ಬೆಂಚಿನವರೆಗೂ ಹೋಯಿತು.

"ಮಣ್ಣಾಗೈತಿ! ಇದನ್ನ ಯಾರಿಗೆ ಕಳಿಸೀರಿ? ಕೂಸಿನ ಕೂಡ ನಾ ಬ್ಯಾಡಗ್ಯಾಗ ಇದ್ದೆ. ಫೋನು ಹಲಗೇರ್ಯಾಗ, ನನ್ನ ಗಂಡನ ಕಿಸೇದಾಗ ಇತ್ತು. ಅವಂಗ ಇಂಗ್ಲಿಷು ಬರೂದಿಲ್ಲ, ನನಗೂ ಬರೂದಿಲ್ಲ. ಕೂಸು ಮಲಗಿಸಿದಾಕಿ ನಮ್ಮವ್ವ, ಆಕಿಗೆ ಅಕ್ಷರಾನ ಗೊತ್ತಿಲ್ಲ. ಮತ್ತ ಯಾರಿಗೆ ಹೇಳಿದ್ರಿ ನೀವು?"

ಗದ್ದಲ ಕೇಳಿ ಡಾಕ್ಟರು ಬಂದರು. ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿ, ಮೆಲ್ಲಗೆ ಹೇಳಿದರು: "ನೋಡವಾ, ಹಿಂಗ ಮಲಗಿಸಿದ್ದಕ್ಕ ಹೋತು ಅಂತ ಖರೇ ಖರೇ ಹೇಳಾಕ ಬರೂದಿಲ್ಲ. ಕೆಲವೊಮ್ಮೆ ಏನೂ ಕಾರಣ ಸಿಗೂದಿಲ್ಲ."

"ಹಂಗಾದ್ರ ಇದನ್ನ ಯಾಕ ಕಳಸ್ತೀರಿ?"

"ಅಪಾಯ ಭಾಳ ಕಡಿಮಿ ಆಗತೈತಿ ಅಂತ."

"ಆ ಕಡಿಮಿ ನನ್ನ ಕೂಸಿಗೆ ಯಾಕ ಸಿಗಲಿಲ್ರಿ?"

ಅವಳು ಮೊಬೈಲು ಎತ್ತಿಕೊಂಡು ಹೊರಟುಬಿಟ್ಟಳು.

ಮನೆಗೆ ಬಂದು ಗಂಡನ ಎದುರು ಮೊಬೈಲು ಕುಕ್ಕಿದಳು. ಅದರಲ್ಲಿ ಏನಿತ್ತೆಂದು ಹೇಳಿದಳು. ಯಲ್ಲೇಶ ಗೋಡೆಗೆ ಆತು ಕೂತುಬಿಟ್ಟ. "ನನಗ ಓದಾಕ ಬರೂದಿಲ್ಲಲ್ಲ ದ್ರಾಕ್ಷಾ" ಅಂದ. ಯಾರಿಗಾದರೂ ತೋರಿಸಿ ಕೇಳಬಹುದಿತ್ತಲ್ಲ ಅಂದಳು. ಅವನು ಅತ್ತ. ಅವಳಿಗೆ ಕನಿಕರ ಬರಲಿಲ್ಲ. ಇಷ್ಟು ದಿನ ಊರು ತನ್ನನ್ನು ಕೊಲೆಗಾತಿ ಅಂದಾಗ ಇವನು ಬಾಯಿ ಮುಚ್ಚಿಕೊಂಡಿದ್ದನಲ್ಲ ಅನ್ನುವುದೇ ಅವಳ ಎದೆಯಲ್ಲಿ ಉರಿಯುತ್ತಿತ್ತು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು.

ಸ್ವಲ್ಪ ದಿನಕ್ಕೆ ಮೇಘಾ ಹಲಗೇರಿಗೆ ಬಂದಳು. ಕಟ್ಟೆಯ ಮೇಲೆ ಕೂತು, ಕನ್ನಡ ಅಕ್ಷರದಲ್ಲಿ ಕಳಿಸಿದರೆ ಈ ಸಣ್ಣ ಫೋನುಗಳಲ್ಲಿ ಬರೀ ಚೌಕ ಚೌಕ ಕಾಣುತ್ತದೆ, ಅದಕ್ಕೇ ಇನ್ನು ಮಾತನ್ನೇ ರೆಕಾರ್ಡ್ ಮಾಡಿ, ಫೋನು ಹಚ್ಚಿ ಕೇಳಿಸುತ್ತೇವೆ ಅಂದಳು. "ಅಕ್ಕಾರ, ಆ ಮಾತು ನೀವ ಹೇಳ್ಬೇಕು."

"ನನ್ನ ಕೂಸಿನ ಕತಿ ಊರೂರಿಗೆ ಸಾರಾಕ ಬಂದೀರೇನು?"

"ಕೂಸಿನ ಹೆಸರು ಬ್ಯಾಡ್ರಿ, ನಿಮ್ಮ ಹೆಸರೂ ಬ್ಯಾಡ. ಅವತ್ತು ನನಗ ಬೈದ್ರಲ್ಲ, ಹಂಗ ಹೇಳ್ರಿ. ಅವತ್ತಿನಿಂದ ನನಗ ನಿದ್ದಿ ಹತ್ತಿಲ್ಲ."

ದ್ರಾಕ್ಷಾಯಿಣಿ ಅವಳಿಗೆ ಚಹಾ ಕೊಡಲಿಲ್ಲ. ಆದರೆ ವಾರ ಬಿಟ್ಟು ತಾನಾಗಿಯೇ ರಾಣೆಬೆನ್ನೂರಿಗೆ ಹೋದಳು. ಗಂಡನ ನಂಬರಷ್ಟೇ ಬರೆದುಕೊಂಡರೆ ಸಾಲದು, ಬಾಣಂತನ ಎಲ್ಲಿ ಆಗುತ್ತದೋ ಆ ಮನೆಯ ನಂಬರು ಕೇಳಿ ಬರೆದುಕೊಳ್ಳಬೇಕು ಅಂದಳು. ಮೇಘಾ ಒಪ್ಪಿದಳು. ಓದಲು ಕೊಟ್ಟ ಹಾಳೆಯಲ್ಲಿ "ಶಿಶುವನ್ನು ಅಂಗಾತವಾಗಿ ಮಲಗಿಸತಕ್ಕದ್ದು" ಎಂದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ದ್ರಾಕ್ಷಾಯಿಣಿ ಮೈಕಿಗೆ ಬಾಯಿ ಕೊಟ್ಟಳು:

"ಯವ್ವಾ, ಯಕ್ಕಾ, ಕೂಸು ಮಲಗಸಾಕಿ ಯಾರದೀರಿ, ಫೋನು ಆಕಿ ಕಿವಿಗೆ ಹಿಡೀರಿ. ಗಂಡಸರ ಕಿಸೇದಾಗ ಇಟ್ಕೋಬ್ಯಾಡ್ರಿ. ಕೂಸನ್ನ ಡಬ್ಬ ಹಾಕಬ್ಯಾಡ್ರಿ, ಬೆನ್ನ ಮ್ಯಾಲ ಹಾಕ್ರಿ. ಬೆಚ್ಚಿ ಎದ್ರ ಏಳ್ಲಿ, ಎತ್ಕೋರಿ. ಕೆಳಗ ಮೆತ್ತನ್ನ ಕೌದಿ ಬ್ಯಾಡ, ದಿಂಬು ಬ್ಯಾಡ. ನಿಮಗ ಥಂಡಿ ಅಂತ ಕೂಸಿನ ಮಾರೀಗೆ ಹೊಚ್ಚಬ್ಯಾಡ್ರಿ, ಅದಕ್ಕ ಸರಿಸಾಕ ಕೈ ಬರೂದಿಲ್ಲ. ನಿಮ್ಮ ಬಾಜೂಕ ಬ್ಯಾರೆ ಹಾಸಿ ಮಲಗಸ್ರಿ. ನಮ್ಮ ಕಾಲದಾಗ ಹಿಂಗಿರಲಿಲ್ಲ ಅಂತ ಯಾರರೆ ಅಂದ್ರ, ನಿಮ್ಮ ಕಾಲದಾಗ ಎಷ್ಟು ಕೂಸು ಮಣ್ಣಿಗೆ ಇಟ್ರಿ ಅಂತ ಕೇಳ್ರಿ."

ಸಂಸ್ಥೆಯ ಹಿರಿಯರು ದನಿ ಸ್ವಲ್ಪ ಮೆತ್ತಗಿರಲಿ ಅಂದರು. ಮೇಘಾ ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವರ್ಷ ಯಲ್ಲೇಶನ ತಂಗಿ ಹೊಸರಿತ್ತಿಯ ಗಂಡನ ಮನೆಯಿಂದ ಹೆರಿಗೆಗೆ ಹಲಗೇರಿಗೆ ಬಂದಳು. ರಾಣೆಬೆನ್ನೂರಿನಲ್ಲೇ ಹೆರಿಗೆಯಾಯಿತು, ಮನೆಯ ನಂಬರೆಂದು ಯಲ್ಲೇಶನದೇ ಬರೆಸಿದರು. ಕೂಸು ಮನೆಗೆ ಬಂದ ದಿನವೇ ಹೊಳಿಯವ್ವ ಅದನ್ನು ಕೌದಿಯ ಮೇಲೆ ಬೋರಲು ಮಲಗಿಸಿದಳು. ದ್ರಾಕ್ಷಾಯಿಣಿ ಹೋಗಿ ಕೂಸನ್ನು ತಿರುಗಿಸಿದಳು.

"ಕೈ ತಗಿ!" ಹೊಳಿಯವ್ವ ಕಿರುಚಿದಳು. "ನಿನ್ನ ಕೂಸನ್ನ ತಿಂದಾಕಿ, ನನ್ನ ಮೊಮ್ಮಗಳನ್ನ ಮುಟ್ಟಬ್ಯಾಡ."

ಹೊಳಿಯವ್ವ ಮತ್ತೆ ಬೋರಲು ಹಾಕಿದಳು. ದ್ರಾಕ್ಷಾಯಿಣಿ ಮತ್ತೆ ತಿರುಗಿಸಿ, ಕೂಸಿನ ಪಕ್ಕದಲ್ಲೇ ಕೂತಳು. "ಹೊಡೀರಿ ಬೇಕಾದ್ರ. ನಾ ಏಳೂದಿಲ್ಲ." ಬಾಣಂತಿ ಗೋಡೆ ಕಡೆ ಮುಖ ಮಾಡಿ ಅಳತೊಡಗಿದಳು. ಹೊಳಿಯವ್ವ ಬೈಯುತ್ತಲೇ ಇದ್ದಳು, ಸಂಜೆಯವರೆಗೂ.

ಯಲ್ಲೇಶ ಲಾರಿಯಿಂದ ಇಳಿದು ಬಂದಾಗ ಜಗಳ ಇನ್ನೂ ನಡೆದಿತ್ತು. ಅಷ್ಟರಲ್ಲಿ ಫೋನು ಬಂತು. ಅವನು ಎತ್ತಿ ಕೇಳಿದ, ಹೆಂಡತಿಯ ಮುಖ ನೋಡಿದ. ಒಳಗೆ ಹೋಗಿ ಸ್ಪೀಕರ್ ಒತ್ತಿ ತಾಯಿಯ ಮುಂದೆ ಹಿಡಿದ. "ಕೇಳಬೇ ಯವ್ವಾ. ಪೂರಾ ಕೇಳು. ಇದನ್ನ ನಾ ಹ್ವಾದ ವರ್ಷ ಕೇಳಸಿದ್ರ ನನ್ನ ಮಗ ಇರತಿದ್ದನೋ ಏನೋ. ತಪ್ಪು ಇಕೀದಲ್ಲ. ಇನ್ನ ಮ್ಯಾಲ ಯಾರೂ ಅನಬ್ಯಾಡ್ರಿ."

ಚೀನಾ ಸೆಟ್ಟು, ಗಟ್ಟಿ ದನಿ. ಮನೆತುಂಬ ದ್ರಾಕ್ಷಾಯಿಣಿಯ ಬೈಗುಳ. ಮೊದಲು ಹೊಳಿಯವ್ವನಿಗೆ ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಸೊಸೆಯ ಕಡೆ ನೋಡಲಿಲ್ಲ. ಎಷ್ಟು ಕೂಸು ಮಣ್ಣಿಗೆ ಇಟ್ರಿ ಅನ್ನುವ ಮಾತು ಬಂದಾಗ ಅವಳು ಕೂಸಿನ ಹತ್ತಿರ ಹೋಗಿ ಕೂತಳು. ಯಲ್ಲೇಶನಿಗಿಂತ ಮೊದಲು ಅವಳ ಎರಡು ಕೂಸು ಹೋಗಿದ್ದವು, ಅದು ಮನೆಯವರಿಗೆಲ್ಲ ಗೊತ್ತಿತ್ತು. ಕೂಸಿನ ಕೆಳಗಿನ ಕೌದಿಯನ್ನು ತಾನೇ ಎಳೆದು ತೆಗೆದಳು, ತೆಳ್ಳನೆಯ ಹಾಸಿಗೆ ಹಾಸಿ ಅಂಗಾತ ಮಲಗಿಸಿದಳು. ತಪ್ಪಾಯಿತು ಅನ್ನಲಿಲ್ಲ, ಆಮೇಲೂ ಎಂದೂ ಅನ್ನಲಿಲ್ಲ.

ದ್ರಾಕ್ಷಾಯಿಣಿಯೂ ಅತ್ತೆಯನ್ನು ಕ್ಷಮಿಸಲಿಲ್ಲ. ಗಂಡನ ಜೊತೆ ಮಾತ್ರ ಮಾತು ಮತ್ತೆ ಶುರುವಾಯಿತು.

ಸಂಸ್ಥೆ ಆಮೇಲೆ ಆ ಕೆಲಸ ನಿಲ್ಲಿಸಿತು. ಮೇಘಾ ಧಾರವಾಡಕ್ಕೆ ಹೋದಳು. ಯಾಕೆ ನಿಲ್ಲಿಸಿದಿರಿ ಎಂದು ಕೇಳಲು ದ್ರಾಕ್ಷಾಯಿಣಿ ರಾಣೆಬೆನ್ನೂರಿಗೆ ಹೋಗಿ ಇನ್ನೊಮ್ಮೆ ಜಗಳ ಮಾಡಿ ಬಂದಳು. ಏನೂ ಆಗಲಿಲ್ಲ. ಅಲ್ಲಿಂದ ನೇರ ಅಂಗಡಿಗೆ ಹೋಗಿ ತನಗೊಂದು ಮೊಬೈಲು ಕೊಂಡಳು, ಮದುವೆಯಾದ ಮೇಲೆ ತನ್ನದೇ ಅನ್ನುವ ಮೊದಲ ವಸ್ತು. ಸುತ್ತಲ ಊರುಗಳಲ್ಲಿ ಬಾಣಂತಿಯರಿರುವ ಮನೆಗೆಲ್ಲ ನಂಬರು ಕೊಟ್ಟಳು. ಹೆಂಗಸರು ಮಿಸ್ ಕಾಲ್ ಕೊಡುತ್ತಾರೆ. ಅವಳು ತಿರುಗಿ ಫೋನು ಹಚ್ಚಿ, ನಮಸ್ಕಾರವೂ ಇಲ್ಲದೆ ಕೇಳುತ್ತಾಳೆ: "ಕೂಸು ಹೆಂಗ ಮಲಗೇತಿ? ನೋಡಿ ಹೇಳು, ನಾ ಫೋನು ಹಿಡ್ಕೊಂಡಿರ್ತೇನಿ."