ನಾನು ಕಳಿಸದ ರಾಜೀನಾಮೆ

ಗೋಕಾಕದ ಶಾಲೆಯೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದಾಗ, ಯಾರೋ ನನ್ನ ಇಮೇಲ್ ವಿಳಾಸ ಹಾಕಿ ಮುಖ್ಯೋಪಾಧ್ಯಾಯರಿಗೆ ರಾಜೀನಾಮೆ ಕಳಿಸಿದರು. ಮುಖ್ಯೋಪಾಧ್ಯಾಯರು ಅದನ್ನು ಪ್ರಿಂಟ್ ತೆಗೆಸಿ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಒತ್ತಿದರು.

“ಇದನ್ನ ನಾ ಕಳಿಸಿಲ್ರಿ ಸರ,” ಎಂದೆ.

“ನಿಮ್ಮ ವಿಳಾಸದಿಂದನ ಬಂದೈತಿ. ಮತ್ಯಾರು ಕಳಸ್ತಾರ? ನಡೀರಿ ಹೊರಗ!”

ಇಮೇಲ್ ವ್ಯವಸ್ಥೆ ಹುಟ್ಟಾ ಭೋಳೆ. ಕಳಿಸುವವರ ಜಾಗದಲ್ಲಿ ಯಾರ ವಿಳಾಸ ಬರೆದರೂ ನಂಬಿಬಿಡುತ್ತದೆ; ತಡೆಯುವ ಬೀಗವನ್ನು ನಾವೇ ಹಾಕಿಕೊಳ್ಳಬೇಕು. ಆ ಶಾಲೆ ಹಾಕಿಕೊಂಡಿರಲಿಲ್ಲ.

ನನ್ನ ಸಿಟ್ಟು ಆರಲಿಲ್ಲ. ಮೂಡಲಗಿಯಲ್ಲಿ ಬೇರೆ ಕೆಲಸ ಹಿಡಿದ ಮೇಲೆ, ಮುಖ್ಯೋಪಾಧ್ಯಾಯರ ವಿಳಾಸ ಹಾಕಿ ಅವರದೇ ರಾಜೀನಾಮೆಯನ್ನು ಶಾಲೆಗೆ ಕಳಿಸಿದೆ. ಅದರ ಪ್ರಿಂಟ್ ಹಿಡಿದು ಅವರ ಕೋಣೆಗೇ ಹೋದೆ.

“ಇದನ್ನ ನಾ ಕಳಿಸಿಲ್ರಿ!” ಅವರು ಕುರ್ಚಿಯಿಂದ ಎದ್ದರು.

ಮೇಜಿನ ಮೇಲಿದ್ದ ಅದೇ ಮೊಹರನ್ನು ಎತ್ತಿಕೊಂಡು ಅವರ ಹೆಸರಿನ ಮೇಲೆ ಒತ್ತಿದೆ.